ನೀರು ನೋಡುವ ಶಾಸ್ತ್ರ

ಗಂಡಿನ ಮನೆಗೆ ನೀರು ನೋಡಲು ಹೋದವರಿಗೆ ಮೊದಲು ತೋರಿಸುವುದು ಹಂಡೆಯೊಳಗಿನ ಮೀನನ್ನು. ಕಾಡಿನ ಕಲ್ಲುಬಂಡೆಗಳ ನಡುವೆ ಹರಿಯುವ ತಿಳಿನೀರಿನ ಜೀವ ಅದು. ಹೊಳೆಗಳೆಲ್ಲ ಕೊಳೆತ ಮೇಲೆ ಮನೆಮನೆಯ ಕುಡಿಯುವ ನೀರಿನ ಹಂಡೆಗೆ ಬಂದು ಸೇರಿತ್ತು. ನೀರು ಶುದ್ಧವಿದ್ದರೆ ಅದರ ಮೈಮೇಲಿನ ಗೆರೆ ಕೆಂಪಗೆ ಹೊಳೆಯುತ್ತದೆ, ಕೆಟ್ಟರೆ ಬಿಳಿಚಿಕೊಳ್ಳುತ್ತದೆ. ಹುಡುಗಿ ಒಂದು ಲೋಟ ಕುಡಿದಳೆಂದರೆ ಸಂಬಂಧ ಗಟ್ಟಿ.

ಗಂಡಿನ ತಾಯಿ ಲೀಲಾವತಮ್ಮನವರ ಹಂಡೆಯ ಮೀನಿನ ಗೆರೆ ದಾಸವಾಳದಷ್ಟು ಕೆಂಪಗಿತ್ತು.

"ನಮ್ಮನೆ ನೀರು ಅಂದ್ರೆ ತೀರ್ಥ ಕಣಮ್ಮ!" ಎನ್ನುತ್ತ ಆಕೆ ಲೋಟ ಅದ್ದಿ ಹುಡುಗಿ ಮೇದಿನಿಯ ಕೈಗಿಟ್ಟರು.

ಅಂಚಿಗೆ ಲೋಳೆ ಅಂಟಿತ್ತು. ಅದನ್ನು ಮೇದಿನಿ ಸಹಿಸಿಕೊಂಡಳು; ಮೀನಿನ ಲೋಳೆ ಕುಡಿಯದ ಮನೆ ಯಾವುದಿದೆ? ಆದರೆ ಲೋಟ ತುಟಿಯ ಹತ್ತಿರ ಬಂದಾಗ ಕೊಳೆತ ಮೊಟ್ಟೆಯ ನಾತ ಗಪ್ಪೆಂದು ಹೊಡೆಯಿತು. ನೀರಿನಲ್ಲಿ ಕೆಂಪು ಎಳೆಯೊಂದು ಬಿಚ್ಚಿಕೊಳ್ಳುತ್ತಿತ್ತು. ಹಂಡೆಗೆ ಬಗ್ಗಿ ನೋಡಿದಳು. ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಎಣ್ಣೆಯಲ್ಲಿ ಕಲಸಿ ಬಳಿದ ಕುಂಕುಮ ಅದರ ಮೈಯಿಂದ ಜಾರಿ ಇಳಿಯುತ್ತಿತ್ತು.

"ಕುಡಿಯೇ ತಾಯಿ, ಒಳ್ಳೇ ಮನೆತನ," ಎಂದು ಸೋದರಮಾವ ಅನಂತಯ್ಯ ಪಿಸುಗುಟ್ಟಿದರು.

"ದೇವರ ಕುಂಕುಮಾನ ಮೀನಿಗೆ ಬಳಿಯೋ ಮನೆತನಾನಾ ಮಾವ?" ಎಂದ ಮೇದಿನಿ ಲೋಟವನ್ನು ಲೀಲಾವತಮ್ಮನವರತ್ತ ಚಾಚಿದಳು. "ದೊಡ್ಡೋರು ನೀವು. ಮೊದಲು ಒಂದು ಗುಟುಕು ನೀವೇ ಕುಡೀರಿ ಅಮ್ಮ."

ಲೀಲಾವತಮ್ಮ ಮಗನತ್ತ ನೋಡಿದರು. ಮಗ ಅಪ್ಪನತ್ತ ನೋಡಿದ.

"ನಂಗೆ ಬೆಳಿಗ್ಗೆಯಿಂದ ಬಾಯಾರಿಕೇನೇ ಇಲ್ಲಪ್ಪ," ಎಂದರು ಅಪ್ಪ.

ಮೇದಿನಿ ಲೋಟವನ್ನು ಅವರ ಮುಂದೆ ಇಟ್ಟು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು.