ಲಕ್ಕಮ್ಮ ಸುರಿದ ಬಿಸಿನೀರು

"ಎಲ್ಲಾ ಚೊಕ್ಕ ಮಾಡೇ ಕರ್ಕಬಂದಿವ್ನಿ ಕಣವ್ವ," ಎಂದಳು ಲಕ್ಕಮ್ಮ. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಬರೆದುಕೊಳ್ಳುತ್ತಿದ್ದ ನರ್ಸು ಬಸವಲಿಂಗಮ್ಮನ ಕೈ ಅಲ್ಲಿಗೇ ನಿಂತಿತು.

"ಚೊಕ್ಕ ಅಂದ್ರೆ?"

"ಆಸ್ಪತ್ರೆ ಅಂದ್ರೆ ದ್ಯಾವಸ್ಥಾನ ಇದ್ದಂಗಲ್ವಾ? ಕೊಳೇಲಿ ಎಂಗವ್ವ ಬರಾದು? ಎರಡು ಅಂಡೆ ಬಿಸಿನೀರು ಸುರ್ದು, ಸೀಗೆಪುಡಿ ಹಾಕಿ ತಲೆಯಿಂದ ಪಾದದಗಂಟ ತಿಕ್ಕಿವ್ನಿ. ಸೀರೆ ರವಕೆನೂ ಚೌಳುಮಣ್ಣು ಹಾಕಿ ಬೇಯಿಸ್ಬುಟ್ಟೆ. ಒಂದು ಕಲೆ ಇಲ್ಲ. ನೋಡು ಬೇಕಾದ್ರೆ." ಗಂಟು ಬಿಚ್ಚಿ ಸೀರೆ ತೆಗೆದು ತೋರಿಸಿಯೂ ತೋರಿಸಿದಳು. ಬಣ್ಣವೆಲ್ಲ ಹೋಗಿ ಬಿಳಿಚಿಕೊಂಡಿತ್ತು.

ಸೊಸೆ ಚಿಕ್ಕಲಕ್ಷ್ಮಮ್ಮ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದಳು. ಇಪ್ಪತ್ತೆರಡು ವರ್ಷ. ಗಂಡ ದಂಡಿಗೆ ಸೇರಿ ಬರ್ಮಾ ಕಡೆ ಯುದ್ಧಕ್ಕೆ ಹೋಗಿದ್ದ. ನಿನ್ನೆ ಮಧ್ಯಾಹ್ನ ನಾಲೆಯ ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದವಳ ಮೇಲೆ ಗುಂಡಯ್ಯ ಬಲಾತ್ಕಾರ ಮಾಡಿದ್ದ. ಗುಂಡಯ್ಯನೆಂದರೆ ಕುಲದ ಯಜಮಾನ ನಂಜಪ್ಪನ ತಂಗಿಯ ಮಗ. ಕೂಗು ಕೇಳಿ ಲಕ್ಕಮ್ಮ ಓಡಿಬಂದಾಗ ಪಂಚೆ ಎತ್ತಿಕೊಂಡು ಗದ್ದೆಗೆ ಇಳಿದು ಪರಾರಿಯಾದವನು, ಇವತ್ತು ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಬಾಯಿ ಬಿದ್ದುಹೋಗಿದ್ದು ಸೊಸೆಗೆ. ನಿನ್ನೆಯಿಂದ ಒಂದು ಮಾತೂ ಆಡಿರಲಿಲ್ಲ.

ಬಸವಲಿಂಗಮ್ಮ ಸೀರೆಯನ್ನು ಮಡಿಸಿ ಮೆಲ್ಲಗೆ ಹೇಳಿದಳು. "ಲಕ್ಕಮ್ಮ, ಇದನ್ನ ತೊಳೀದೆ ತಂದಿದ್ರೆ ಇದೂ ಒಂದು ಸಾಕ್ಷಿ ಆಗ್ತಿತ್ತು. ಹಾಸನದ ಕೋರ್ಟಿನೋರು ಇಂಥದನ್ನೇ ಕೇಳ್ತಾರೆ."

ಲಕ್ಕಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕೈಗೆ ಬೆಂಕಿ ಬೀಳ! ಆ ಮುಂಡೇಮಗನ ಪಾಪಾನ ನಾನೇ ತೊಳ್ದುಕೊಟ್ನಾ!"

"ಅಳಬ್ಯಾಡ ಕಣತ್ತೆ."

ಇಬ್ಬರೂ ತಿರುಗಿದರು. ಮಾತಾಡಿದ್ದು ಚಿಕ್ಕಲಕ್ಷ್ಮಮ್ಮ. "ನಾನು ಒಳೆ ನೀರಿಗೆ ಬೀಳೋಕೇ ಒಂಟಿದ್ದೆ. ನೀನು ಯಾಕೆ, ಏನು ಅಂತ ಒಂದು ಮಾತು ಕೇಳ್ನಿಲ್ಲ. ಎಳ್ಕಂಡೋಗಿ ಬಚ್ಚಲಲ್ಲಿ ಕುಂಡರಿಸಿ ನೀರು ಸುರ್ದೆ. ಮೈಗೆ ಬಿಸಿ ಅನ್ನುಸ್ತು. ಆಗ ಗೊತ್ತಾಯ್ತು ಕಣತ್ತೆ, ಇನ್ನೂ ಬದುಕಿವ್ನಿ ಅಂತ."

ಲಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಬಸವಲಿಂಗಮ್ಮ ಮುರಿದ ಕುರ್ಚಿಯನ್ನು ಅತ್ತೆಯ ಕಡೆಯಿಂದ ಸೊಸೆಯ ಕಡೆಗೆ ತಿರುಗಿಸಿಕೊಂಡು ಕೂತಳು.

"ನೋಡು ತಾಯಿ, ನಿನ್ನ ಕೈಮೇಲಿನ ಗಾಯ ನೀರು ಸುರಿದ್ರೆ ಹೋಗಲ್ಲ. ಡಾಕ್ಟರು ನೋಡಿ ಬರೀತಾರೆ. ನಿಮ್ಮತ್ತೆ ಕಣ್ಣಾರೆ ಕಂಡಿದ್ದೂ ಹೋಗಲ್ಲ. ಔಷಧಿ ಅಂತೂ ಇವತ್ತೇ ಕೊಡ್ತೀನಿ, ಅದಕ್ಕೆ ಯಾರಪ್ಪನ ಅಪ್ಪಣೆನೂ ಬೇಡ. ಪೋಲೀಸಿಗೆ ಹೇಳ್ತೀಯೋ ಬಿಡ್ತೀಯೋ ಅದು ನಿಂದು. ನಾಲ್ಕು ದಿನ ಬಿಟ್ಟು ಹೇಳಿದ್ರೂ ಬರೆದಿಟ್ಟ ಕಾಗದ ಇಲ್ಲೇ ಇರುತ್ತೆ. ಊರಿಗೆ ಹೋಗೋಕೆ ಭಯ ಆದ್ರೆ ನನ್ನ ಮನೇಲಿ ಇರು. ಮುಟ್ಟು ನಿಂತ್ರೆ ಯಾವಳೋ ಕೊಟ್ಟ ಕಷಾಯ ಕುಡಿದು ಸಾಯಬೇಡ, ಸೀದಾ ನನ್ನ ಹತ್ರ ಬಾ. ಈಗ ಏನ್ ಮಾಡ್ಲಿ, ನೀನು ಹೇಳು."

ಏನು ಮಾಡಲಿ, ನೀನು ಹೇಳು! ಹುಟ್ಟಿದ ಮೇಲೆ ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ತಾಳಿ ಕಟ್ಟುವಾಗ ಕೇಳಿರಲಿಲ್ಲ, ಗಂಡ ದಂಡಿಗೆ ಹೊರಟಾಗಲೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ಈ ಸಲ ಬೇರೆ ನೀರು.

"ಬರ್ಕಳವ್ವ. ನಿನ್ನ ಒಟ್ಟೆ ತಣ್ಣಗಿರ್ಲಿ," ಎಂದಳು. ಬರೆದು ಮುಗಿಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಗಾಡಿ ನಿಂತ ಸದ್ದು. ಯಜಮಾನ ನಂಜಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಜಗಲಿ ಹತ್ತಿದ. ಲಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಏನ್ ಲಕ್ಕಮ್ಮ, ಊರ ಮರ್ವಾದೆನೆಲ್ಲ ಪ್ಯಾಟೆಗೆ ಒತ್ಕಂಡು ಬಂದ್ಬುಟ್ಟಿದ್ದೀಯ? ನಡೀರಿ. ಚಿನ್ನದ ಕಡ್ಡಿ ತರ್ಸಿವ್ನಿ. ಕಾಸಿ ನಾಲ್ಗೆಗೆ ಒಂದ್ಸಲ ಮುಟ್ಟಿಸಿದ್ರೆ ಮುಗೀತು, ಮತ್ತೆ ಕುಲಕ್ಕೆ ಸೇರ್ಕಂಡ್ಳು. ತಪ್ಪುಕಾಣಿಕೆನೂ ಬ್ಯಾಡ ಅಂದಿವ್ನಿ." ದೊಡ್ಡ ಉಪಕಾರ ಮಾಡುವವನ ಮುಖ ಅವನದು. ಮೈಲಿಗೆಯಾದವಳ ನಾಲಗೆ ಸುಟ್ಟು ಶುದ್ಧಮಾಡುವುದು ಅವರಲ್ಲಿ ಅಜ್ಜಂದಿರ ಕಾಲದಿಂದ ಬಂದ ಕಟ್ಟು.

"ನಿನ್ನ ಸೋದರಳಿಯಂದು ಏನ್ ಸುಡ್ತೀಯ ಯಜಮಾನ?"

ಒಳಗೆ ಬಸವಲಿಂಗಮ್ಮನಿಗೆ ಕೆಮ್ಮು ಬಂತು. ನಂಜಪ್ಪನ ಕಿವಿ ಕೆಂಪಾಯಿತು. "ಅವನು ಗಂಡಸು. ಒಳೇಲಿ ಒಂದು ಮುಳುಗು ಹಾಕುದ್ರೆ ಆಯ್ತು. ದಾರಿ ಬಿಡಮ್ಮಿ."

ಲಕ್ಕಮ್ಮ ಬಿಡಲಿಲ್ಲ. ಹಿಂದಿನಿಂದ ಸೊಸೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. "ನೀನು ಕುಂತ್ಕಳತ್ತೆ, ಸಾಕಾಗಿದ್ದೀಯ," ಎಂದು ಪಕ್ಕಕ್ಕೆ ಸರಿಸಿ, ನಂಜಪ್ಪನ ಎದುರಿಗೆ ತಾನೇ ನಿಂತಳು.

"ನಾಲ್ಗೆ ಕೊಡಾಕಿಲ್ಲ ಯಜಮಾನ್ರೆ. ಆಸನದ ಕೋರ್ಟ್ನಲ್ಲಿ ಅವನ ಎಸ್ರು ಯೋಳಕೆ ಬೇಕು."