ಕಾಗದ ಇಲ್ಲದವರ ಸಾಲು

ಅಮ್ಮ ಮತ್ತೆ ತಪ್ಪು ಸಾಲಿನಲ್ಲಿ ನಿಂತಿದ್ದಳು.

ಶಾಲೆಯ ಊಟದ ಕೋಣೆಯಲ್ಲಿ ಎರಡು ಮೇಜು ಹಾಕಿದ್ದರು. ಎಡಗಡೆಯದು ಈ ದೇಶದಲ್ಲೇ ಹುಟ್ಟಿದ ಮಕ್ಕಳಿಗೆ. ಕಾಲೇಜಿನ ಖರ್ಚಿಗೆ ಕೇಂದ್ರ ಸರ್ಕಾರದ ನೆರವು ಕೇಳುವ ಅರ್ಜಿ ಅಲ್ಲಿ. ಬಲಗಡೆಯದು ಚಿಕ್ಕಂದಿನಲ್ಲಿ ಗಡಿ ದಾಟಿ ಬಂದು, ಕಾಗದಪತ್ರವಿಲ್ಲದೆ ಬೆಳೆದವರಿಗೆ. ಅವರಿಗೆ ಕ್ಯಾಲಿಫೋರ್ನಿಯ ರಾಜ್ಯದ್ದೇ ಬೇರೆ ಅರ್ಜಿ. ದಾಲಿಯಾ ಎಡಗಡೆ ನಿಂತು ಹಿಂದಕ್ಕೆ ನೋಡಿದರೆ, ಅಮ್ಮ ಎರ್ಮೆಲಿಂದಾ ಬಲಗಡೆಯ ಸಾಲಿನ ತುದಿಯಲ್ಲಿ ಕೈಚೀಲ ಅವಚಿಕೊಂಡು ನಿಂತಿದ್ದಾಳೆ.

"ಅಮ್ಮಾ, ಈ ಕಡೆ ಬಾ. ಅದು ಕಾಗದ ಇಲ್ಲದವರ ಸಾಲು."

"ಇಲ್ಲೂ ಕೊಡ್ತಾರಂತಲ್ಲ ಮಗಳೇ."

"ಅವರಿಗೆ ಕೊಡ್ತಾರೆ. ನಮಗಲ್ಲ."

ಅದೇ ಸಾಲಿನಲ್ಲಿದ್ದ ಗೆಳತಿ ಇತ್ಸೆಲ್ ಕಿಸಕ್ಕನೆ ನಕ್ಕಳು. "ನಿಲ್ಲಲಿ ಬಿಡೇ ಮಹಾರಾಣಿ. ನಮ್ಮ ಸಾಲಿಗೆ ಬಂದ್ರೆ ನಿನ್ನ ಜನನಪತ್ರ ಬಣ್ಣ ಬಿಟ್ಬಿಡುತ್ತಾ?"

ದಾಲಿಯಾಳೂ ನಕ್ಕಳು. ಆ ಪತ್ರದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಮನೆಯಲ್ಲಿ ಕಾಗದ ಇದ್ದವಳು ಅವಳೊಬ್ಬಳೇ. ಒಂದನೇ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಅವಳೇ. ಮೊದಲು ಹಲ್ಲು ಬಿದ್ದದ್ದು, ಮೊದಲು ಓದಲು ಕಲಿತದ್ದು ಅವಳೇ. "ಈ ದೇಶದ ಹಾಲಿನ ಮಹಿಮೆ ನೋಡಿ" ಎಂದು ಅಪ್ಪ ಬಂದವರ ಮುಂದೆಲ್ಲ ನಗಾಡುತ್ತಿದ್ದ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅಮ್ಮ ಈಗಲೂ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುತ್ತಾಳೆ, ಪೊಲೀಸ್ ಕಾರು ಕಂಡರೆ ಉಸಿರು ಬಿಗಿ ಹಿಡಿಯುತ್ತಾಳೆ.

ದಾಲಿಯಾಳಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ನೆರವು ಬಂದರೆ ವಿಶ್ವವಿದ್ಯಾಲಯ, ಬಾರದಿದ್ದರೆ ಅಮ್ಮನ ಹಿಂದೆ ತೋಟ. ಸೋಮವಾರ ಕೊನೆಯ ದಿನ. ಇನ್ನೂ ಹದಿನೆಂಟು ತುಂಬದ ಹುಡುಗಿಯ ಅರ್ಜಿಗೆ ತಾಯಿಯ ಸಹಿಯೊಂದು ಬೇಕಿತ್ತು.

ಎಡಗಡೆಯ ಮೇಜಿನಲ್ಲಿ ಅರ್ಜಿ ತುಂಬಿಸುತ್ತಿದ್ದ ಕಿರೋಸ್ ಮೇಡಂ ಅಮ್ಮನನ್ನು ಕೂರಿಸಿ ಕೇಳಿದರು. "ಮಗಳ ಪೂರ್ತಿ ಹೆಸರು ಹೇಳಿಯಮ್ಮ."

ಅಮ್ಮ ಮಗಳ ಮುಖ ನೋಡಿದಳು. "ದಾಲಿಯಾ ಸೊರಿಯಾನೊ," ಎಂದು ದಾಲಿಯಾಳೇ ಹೇಳಿದಳು. ಹುಟ್ಟಿದ ದಿನವನ್ನೂ ಅವಳೇ ಹೇಳಬೇಕಾಯಿತು.

"ನಿಮಗೆ ಸರ್ಕಾರ ಕೊಡೋ ಗುರುತಿನ ನಂಬರ್ ಇಲ್ಲದಿದ್ರೂ ಅಡ್ಡಿಯಿಲ್ಲ," ಎಂದರು ಮೇಡಂ. "ಆ ಜಾಗಕ್ಕೆ ಸೊನ್ನೆ ಹಾಕೋಣ. ಬರೆದದ್ದೆಲ್ಲ ನಿಜ ಅಂತ ಇಲ್ಲಿ ಒಂದು ಸಹಿ ಹಾಕಿ, ಅಷ್ಟೇ."

"ಸುಳ್ಳು ಇದ್ರೆ?"

"ಜೈಲು ಅಂತ ಬರ್ದಿದಾರೆ. ಅದು ಎಲ್ಲ ಫಾರ್ಮಲ್ಲೂ ಇರೋದೇ."

"ಯಾರಿಗೆ? ನನಗೋ, ಅವಳಿಗೋ?"

"ಇಬ್ಬರೂ ಸಹಿ ಹಾಕ್ತೀರಲ್ಲ, ಇಬ್ಬರಿಗೂ. ಆದ್ರೆ ನೀವ್ಯಾಕಮ್ಮ ಸುಳ್ಳು ಹೇಳ್ತೀರಿ?"

ಅಮ್ಮ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ನನಗೊಬ್ಬಳಿಗೇ ಆಗಿದ್ರೆ ಈಗಲೇ ಹಾಕ್ತಿದ್ದೆ," ಎಂದು ಎದ್ದಳು. ಹೋಗುವಾಗ ಬಲಗಡೆಯ ಮೇಜಿನಿಂದ ಒಂದು ಅರ್ಜಿ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಭಾನುವಾರ, ಅಡುಗೆಮನೆಯಲ್ಲಿ ದಾಲಿಯಾಳ ಸಿಟ್ಟು ಒಡೆಯಿತು. ಅಮ್ಮ ಹೆಂಚಿನ ಮೇಲೆ ಮೆಕ್ಕೆಜೋಳದ ರೊಟ್ಟಿ ತಿರುವುತ್ತಿದ್ದಳು. ಪಕ್ಕದಲ್ಲಿ ಕಪ್ಪು ಕಾಳು ಕುದಿಯುತ್ತಿತ್ತು. ಮೇಜಿನ ಮೇಲೆ ಆ ಬಲಗಡೆಯ ಅರ್ಜಿ.

"ಇದನ್ನೇ ತುಂಬೋಣ ಮಗಳೇ. ಇದಕ್ಕೂ ದುಡ್ಡು ಬರುತ್ತೆ. ಆ ಇತ್ಸೆಲ್‌ಗೂ ಬರುತ್ತಂತೆ."

"ಅದು ಇತ್ಸೆಲ್‌ನಂಥವರ ಪಾಲು! ನಾನು ಕಿತ್ಕೊಳ್ಳಲಾ? ಇಲ್ಲೇ ಹುಟ್ಟಿದವಳು ಅದನ್ನ ತುಂಬಿದ್ರೆ ಅದೇ ಸುಳ್ಳು!"

"ತಿನ್ನು ಮೊದಲು. ತಣ್ಣಗಾಗುತ್ತೆ."

"ನಿನ್ನ ಭಯಾನ ಹುಟ್ಟಿದಾಗಿಂದ ಹೊತ್ತಿದೀನಿ. ಬಾಗಿಲು ಬಡಿದ್ರೆ ಮಾತಾಡಬಾರದು. ಅಡ್ರೆಸ್ ಕೇಳಿದ್ರೆ ಹೇಳಬಾರದು. ನಿನಗೆ ಕಾಗದ ಇಲ್ಲ ಅಂತ ನನಗೂ ಇಲ್ಲ ಅನ್ನಬೇಕಾ?" ದಾಲಿಯಾ ತಟ್ಟೆ ಆಚೆ ತಳ್ಳಿದಳು. "ಬೇರೆ ಯಾರ ಹೊಟ್ಟೇಲಾದ್ರೂ ಹುಟ್ಟಬಾರದಿತ್ತಾ ನಾನು!"

ಒಂದು ರೊಟ್ಟಿ ಸೀದು ಹೋಯಿತು. ಅಮ್ಮನ ಕೈಯಲ್ಲಿ ರೊಟ್ಟಿ ಸೀದದ್ದನ್ನು ದಾಲಿಯಾ ಎಂದೂ ಕಂಡಿರಲಿಲ್ಲ. ಅಮ್ಮ ಒಲೆ ಆರಿಸಿ ಕೈ ಒರೆಸಿಕೊಂಡಳು.

"ಕೋಟು ಹಾಕ್ಕೋ."

"ಎಲ್ಲಿಗೆ?"

"ಹಾಕ್ಕೋ ಅಂದೆ."

ಕಾರು ನಿಂತದ್ದು ಊರಾಚೆಯ ಸ್ಮಶಾನದ ಬಾಗಿಲಲ್ಲಿ. ದಾಲಿಯಾಳಿಗೆ ಆಶ್ಚರ್ಯವಾಯಿತು. ಅಪ್ಪನ ದೇಹವನ್ನು ಊರಿನವರೆಲ್ಲ ಚಂದಾ ಎತ್ತಿ ಗಡಿಯಾಚೆಯ ತಮ್ಮೂರು ಓಹಾಕಾಕ್ಕೇ ಕಳಿಸಿಕೊಟ್ಟಿದ್ದರು.

"ಇಲ್ಲಿ ನಮ್ಮವರು ಯಾರಿದಾರೆ ಅಮ್ಮಾ?"

ಅಮ್ಮ ಮುಂದೆ ನಡೆದಳು. ದಾರಿ ಅವಳ ಕಾಲಿಗೆ ಗೊತ್ತಿತ್ತು. ಬೇಲಿಯ ಪಕ್ಕ ಅಂಗೈಯಗಲದ ಕಲ್ಲುಗಳು ಸಾಲಾಗಿದ್ದವು, ಎಲ್ಲವೂ ಮಕ್ಕಳವು. ಒಂದರ ಮುಂದೆ ಅವಳು ಮಂಡಿಯೂರಿ, ಒಣ ಎಲೆಗಳನ್ನು ಗುಡಿಸಿ, ತನ್ನ ಸ್ವೆಟರಿನ ತೋಳಿನಿಂದಲೇ ಮಣ್ಣು ಒರೆಸತೊಡಗಿದಳು.

"ನಾನೂ ನಿಮ್ಮಪ್ಪನೂ ಗಡಿ ದಾಟಿದಾಗ ನೀನಿನ್ನೂ ಹಸುಗೂಸು," ಎಂದಳು, ತಲೆ ಎತ್ತದೆ. "ಅಜ್ಜಿ ಹತ್ರ ಬಿಟ್ಟು ಬಂದಿದ್ವಿ. ನಿನಗೆ ಎರಡು ವರ್ಷ ತುಂಬಿದ ಮೇಲೆ ಕರೆಸ್ಕೊಂಡ್ವಿ. ಗಡೀಲಿ ತೋರ್ಸೋಕೆ ಒಂದು ಕಾಗದ ಬೇಕಿತ್ತು. ಮನೇಲಿ ಇವಳದು ಇತ್ತು, ನಾವು ಇಲ್ಲಿಗೆ ಬಂದ ಮೇಲೆ ಹುಟ್ಟಿದವಳದು. ಇವಳಿಗೆ ಇನ್ನು ಅದರಿಂದ ಏನೂ ಆಗಬೇಕಿರಲಿಲ್ಲ."

"ಯಾರು ಇವಳು? ಏನು ಹೇಳ್ತಿದೀಯ?"

ಅಮ್ಮ ಪಕ್ಕಕ್ಕೆ ಸರಿದಳು.

ಕಲ್ಲಿನ ಮೇಲೆ ಕೆತ್ತಿತ್ತು: ದಾಲಿಯಾ ಸೊರಿಯಾನೊ. ಹುಟ್ಟಿದ ದಿನ ಅವಳು ಅರ್ಜಿಯಲ್ಲಿ ಹೇಳಿದ್ದೇ. ಸತ್ತದ್ದು ಹನ್ನೊಂದನೆಯ ದಿನ.