ಹುಣ್ಣಿನ ಮೇಲಿನ ಕಂಬಳಿ

“ಆ ಕಂಬಳಿ ತೆಗಿ ಅಣ್ಣಾ,” ಅಂದಳು ದಿನೆಯೊ, ಕುಂಚ ಹಿಡಿದ ಕೈ ಇಳಿಸದೆ. ಮಲುಟಿ ಬೆಟ್ಟದ ಹುಲ್ಲು, ಕುರಿಮಂದೆ, ಮೋಡ ಎಲ್ಲಾ ಚಿತ್ರಕ್ಕೆ ಬಂದಾಗಿತ್ತು. ಉಳಿದಿದ್ದು ಕುದುರೆಯ ಬೆನ್ನು. ಅಲ್ಲಿ ಜೀನು ಉಜ್ಜಿ ಆದ ಹುಣ್ಣಿತ್ತು. ಕುದುರೆಯ ಯಜಮಾನ ರಂತ್ಸೊ ತಾನು ಹೊದ್ದಿದ್ದ ಕಂಬಳಿ ಬಿಚ್ಚಿ ಅದನ್ನು ಮುಚ್ಚಿದ್ದ.

“ಚಿತ್ರ ಲಾಡ್ಜಲ್ಲಿ ನೇತುಹಾಕ್ತಾರೆ. ಹುಣ್ಣು ನೋಡಿದ್ರೆ ಯಾವ ಟೂರಿಸ್ಟು ನನ್ನ ಕುದುರೆ ಹತ್ತುತ್ತಾನೆ?”

“ಹತ್ತೋದು ಬೇಡ ಅಂತ್ಲೇ ಬರೀತಿರೋದು! ಈ ಗಾಯದ ಮೇಲೆ ಹೊಡೆದು ಹೊಡೆದು ಬೆಟ್ಟ ಹತ್ತಿಸ್ತೀಯಲ್ಲ, ನಾಚಿಕೆ ಆಗಲ್ವಾ?”

“ಹೊಡೆಯೋದಾ? ಮರಿ ಇದ್ದಾಗಿಂದ ಸಾಕಿದ್ದೀನಿ, ಒಂದಿನ ಇದರ ಮೇಲೆ ಕೈ ಎತ್ತಿಲ್ಲ ನಾನು. ಬಣ್ಣ ಬಳಿಯೋಳು ಬಣ್ಣ ಬಳಿ, ನನಗೆ ಬುದ್ಧಿ ಹೇಳ್ಬೇಡ.”

ದಿನೆಯೊ ಎದ್ದು ಹೋಗಿ ಕಂಬಳಿಯನ್ನು ಎಳೆದು ಅವನ ಕಾಲ ಬುಡಕ್ಕೆ ಎಸೆದಳು. ಹೊದೆಯುವ ಕಂಬಳಿಯನ್ನು ಮಣ್ಣಿಗೆ ಎಸೆದರೆ ನಮ್ಮಲ್ಲಿ ಯಾವ ಗಂಡಸು ಸುಮ್ಮನಿರುತ್ತಾನೆ? ಅವಳ ಕೆನ್ನೆಗೆ ಬಾರಿಸಲು ರಂತ್ಸೊ ಕೈ ಎತ್ತಿಯೇಬಿಟ್ಟ. ಅವಳು ಕದಲಲಿಲ್ಲ. ಅವಳ ಹಿಂದಿದ್ದ ಕುದುರೆ ಮಾತ್ರ ಕಿವಿ ಮಡಚಿ, ಹಗ್ಗ ಜಗ್ಗಿ, ನಡುಗುತ್ತಾ ಹಿಂದೆ ಹಿಂದೆ ಸರಿಯಿತು.

“ನೋಡ್ದ್ಯಾ?” ಅಂದಳು ದಿನೆಯೊ. “ನೀನು ಕೈ ಎತ್ತಿದ್ದು ನನ್ನ ಮೇಲೆ. ಬೆಚ್ಚಿದ್ದು ಅದು.”